ನೀಲಾಂಬಿಕ ಬಸ್ಸಿನಲ್ಲಿ ಕೇಳಿದ್ದು

ಶಿಕಾರಿಪುರ
ಸೋಮವಾರ, ೧೭ ಫೆಬ್ರವರಿ ೧೯೫೮

ಪ್ರೀತಿಯ ಪಾಸ್ಕು,

ಹುಬ್ಬಳ್ಳಿಯ ಹವೆ ನಿನಗೆ ಒಗ್ಗಿತೇ? ಸೆಮಿನರಿಯಲ್ಲಿ ಕಾಡುತ್ತಿದ್ದ ಆ ತಲೆನೋವು ಹೇಗಿದೆ? ಅಚ್ಚುಕೂಟದಲ್ಲಿ ದಿನವಿಡೀ ಸಣ್ಣ ಅಕ್ಷರ ಜೋಡಿಸುವ ಕೆಲಸವಂತೆ, ಕಣ್ಣು ಜೋಪಾನ. ನನಗೆ ಜೋಳದ ರೊಟ್ಟಿ ಅಭ್ಯಾಸವಾಗಿದೆ. ಶುಕ್ರವಾರ ಬಂದರೆ ಮಾತ್ರ ನಮ್ಮ ಹೊನ್ನಾವರದ ಮೀನು ನೆನಪಾಗುತ್ತದೆ. ಗುರುದೀಕ್ಷೆಗೆ ಒಂದೇ ವರ್ಷ ಉಳಿದಿದ್ದಾಗ ನೀನು ಸೆಮಿನರಿ ಬಿಟ್ಟೆಯೆಂದು, ಈಗ ಮದುವೆಯ ಮಾತನ್ನೂ ಆಡುತ್ತಿದ್ದೀಯೆಂದು ಅಮ್ಮ ಅತ್ತುಕೊಂಡು ಬರೆಸಿದ್ದಾಳೆ. ನಾನು ಪಾದ್ರಿಯಲ್ಲವೇ, ನಾನು ಬೈದರೆ ನೀನು ತಿರುಗಿ ಹೋಗುತ್ತೀಯಂತೆ. ಬೈಯಲೆಂದೇ ಎಷ್ಟೋ ಸಲ ಕೂತೆ, ಆಗಲಿಲ್ಲ. ಕಾರಣ ಹೇಳುತ್ತೇನೆ. ಕೊಂಕಣಿಯಲ್ಲೇ ಬರೆಯಬೇಕಿತ್ತು, ಆದರೆ ಇದೆಲ್ಲ ನಡೆದದ್ದು ಕನ್ನಡದಲ್ಲಿ.

ಇಲ್ಲಿ ನಮಗೆ ಇನ್ನೂ ಇಗರ್ಜಿ ಇಲ್ಲ. ಬೆಲ್ಲದ ವ್ಯಾಪಾರಿ ಮಹೇಶ್ವರಪ್ಪನವರು ಮನೆಯ ಮುಂದಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದಾರೆ. ಭಾನುವಾರ ನಮ್ಮವರು ನಾಲ್ಕಾರು ಮಂದಿ ಅಲ್ಲೇ ಪೂಜೆಗೆ ಸೇರುತ್ತಾರೆ. ಮಹೇಶ್ವರಪ್ಪನವರು ಲಿಂಗವಂತರು, ಆದರೂ ನನ್ನನ್ನು ತಮ್ಮ ಮಠದ ಸ್ವಾಮಿಗಳಂತೆಯೇ ನಡೆಸಿಕೊಳ್ಳುತ್ತಾರೆ. ಸೊರಬಕ್ಕೆ ಕೊಟ್ಟಿದ್ದ ಅವರ ಮಗಳು ನೀಲಾಂಬಿಕ ದೀಪಾವಳಿಗೆ ಬಂದವಳು ಗಂಡನ ಮನೆಗೆ ತಿರುಗಿ ಹೋಗಿರಲಿಲ್ಲ. ಕಳೆದ ತಿಂಗಳು ನಾನು ಸೊರಬದಲ್ಲಿ ಪೂಜೆ ಹೇಳಲು ಹೊರಟಾಗ ಮಹೇಶ್ವರಪ್ಪನವರು ಜ್ವರದಿಂದ ಮಲಗಿದ್ದರು. “ಹೆಂಗೂ ಹೊಂಟೀರಿ, ನಮ್ ಹುಡುಗೀನ ಗಂಡನ ಕೈಗೆ ಒಪ್ಪಿಸಿ ಬರ್ರಿ. ನೀವು ಸಂಸಾರ ಬಿಟ್ಟೋರು, ಯಾರೂ ಏನೂ ಅನ್ನಲ್ಲ” ಎಂದರು. ಅವಳು ಒಲ್ಲೆ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಶಿರಾಳಕೊಪ್ಪ ದಾಟಿದ ಮೇಲೆ ತಿರುಗಿ ನೋಡದೆಯೇ ಕೇಳಿದಳು: “ನೀವು ಮನೆ ಬಿಟ್ಟಾಗ ಯಾರಾದ್ರೂ ತಡದ್ರೇನ್ರೀ?” ತಮ್ಮನೊಬ್ಬ ನನ್ನ ಪೆಟ್ಟಿಗೆಯ ಮೇಲೆ ಕೂತು ಬಿಡೆನೆಂದು ಅತ್ತ, ಉಳಿದವರೆಲ್ಲ ಹಾರ ಹಾಕಿ ಕಳಿಸಿದರು ಎಂದೆ. ನಕ್ಕಳು. “ನೀವು ಬಿಟ್ಟು ಹೋದ್ರೆ ಹಾರ. ನಾ ಬಿಟ್ಟು ಬಂದ್ರೆ ಅಪ್ಪಾರಿಗೆ ಜ್ವರ.” ಗಂಡ ಹೊಡೆಯುತ್ತಾನೆಯೇ ಎಂದು ಕೇಳಿದೆ. “ಹೊಡಿಯಲ್ಲ, ಬೈಯಲ್ಲ. ಮಾತೇ ಆಡಲ್ರೀ. ಮದ್ವೆಯಾಗಿ ಎರಡು ವರ್ಷ ಆತು. ಬಡಿಸಿದ್ರೆ ಉಣ್ತಾರೆ, ಎದ್ದು ಹೋಗ್ತಾರೆ. ಮಾತಾಡದೋರ ಮನೇಲಿ ಹೆಂಗ್ರೀ ಇರೋದು?”

ಪಾಸ್ಕು, ಇಂಥದ್ದಕ್ಕೆ ಹೇಳಬೇಕಾದ್ದನ್ನು ನಮಗಿಬ್ಬರಿಗೂ ಕಲಿಸಿದ್ದಾರೆ. ತಾಳ್ಮೆ, ಕೊಟ್ಟ ಮಾತು, ಪ್ರಾರ್ಥನೆ. ನಾಲಿಗೆಯ ತುದಿಗೂ ಬಂತು, ಅಲ್ಲೇ ನಿಂತಿತು. ಹೋದ ಮಳೆಗಾಲದಿಂದ ನಾನೂ ಅಂಥದ್ದೇ ಮನೆಯಲ್ಲಿದ್ದೇನೆ. ಪೂಜೆ ಹೇಳುತ್ತೇನೆ, ದ್ರಾಕ್ಷಾರಸದ ಪಾತ್ರೆ ಎತ್ತುತ್ತೇನೆ, ಒಂದು ಲತೀನ್ ಮಾತೂ ತಪ್ಪುವುದಿಲ್ಲ. ದೇವರ ಕಡೆಯಿಂದ ಏನೂ ಇಲ್ಲ. ಮೊದಲು ಪಕ್ಕದ ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸುವಷ್ಟಾದರೂ ಇತ್ತು. ಅವಳಿಗೆ ಏನು ಹೇಳಲಿ? “ನಿಮಗೂ ಗೊತ್ತಿಲ್ಲ ಬಿಡ್ರಿ” ಎಂದಳು, ಸಿಟ್ಟಿಲ್ಲದೆ.

ಸೊರಬದಲ್ಲಿ ಗಂಡ ಆನಂದಪ್ಪ ಗಾಡಿ ಕಟ್ಟಿಕೊಂಡು ನಿಂತಿದ್ದ. ತುಟಿ ಬಿಚ್ಚದೆ ಟ್ರಂಕು ಎತ್ತಿಕೊಂಡ. ಅವಳು ಗಾಡಿ ಹತ್ತಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದು, ಹೆಂಡತಿಯ ಹತ್ತಿರ ನಾಲ್ಕು ಮಾತಾಡಪ್ಪಾ ಎಂದೆ. ನೆಲ ನೋಡಿದ. “ಏನಂತ ಮಾತಾಡ್ಲಿ ಸ್ವಾಮೇರೆ? ಅವ್ಳು ಎದ್ರಿಗೆ ಬಂದ್ರೆ ನಂಗೆ ಬಾಯೇ ಬರೋದಿಲ್ಲ.” ಕಣ್ಣು ತುಂಬಿತ್ತು. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಹದಿನೈದು ದಿನಕ್ಕೆ ಅವಳು ಒಬ್ಬಳೇ ತವರಿಗೆ ಬಂದಳು. ಮಹೇಶ್ವರಪ್ಪನವರು ಕೋಣೆಗೆ ಬಂದು, “ಬಸ್ಸಲ್ಲಿ ಏನ್ ಹೇಳಿದ್ರಿ ನಮ್ ಹುಡುಗಿಗೆ?” ಎಂದು ಗದರಿದರು. ಏನೂ ಹೇಳಲಿಲ್ಲ ಎಂದೆ. “ಏನೂ ಹೇಳ್ದಿದ್ರೆ ಎಂಥಾ ಸ್ವಾಮಿಗಳ್ರೀ ನೀವು?” ಯುಗಾದಿಯೊಳಗೆ ಕೋಣೆ ಬಿಡಬೇಕಂತೆ. ಅವರ ಮುಂದೆಯೇ ನೀಲಾಂಬಿಕಳನ್ನು ಕರೆದು ಆನಂದಪ್ಪ ಅಂದದ್ದನ್ನು ಹೇಳಿದೆ. ಅವಳ ಮುಖ ಕೆಂಪಾಯಿತು. “ನಿಮ್ ಹತ್ರ ಹೇಳೋಕೆ ಅವ್ರಿಗೆ ಬಾಯಿ ಬಂತಾ?” ಎಂದು ಒಳಗೆ ಹೋದಳು. ಮೊನ್ನೆ ಟ್ರಂಕು ಇಲ್ಲದೆ, ಯಾರ ಜೊತೆಯೂ ಬೇಡವೆಂದು ಸೊರಬದ ಬಸ್ಸು ಹತ್ತಿದ್ದಾಳೆ. “ಎದ್ರಿಗೇ ಕೂತ್ಕೋತೀನಿ. ಮಾತಾಡಿದ್ರೆ ಇರ್ತೀನಿ, ಇಲ್ಲಾಂದ್ರೆ ನಾನೇ ಬರ್ತೀನಿ” ಅಂದಳಂತೆ. ಇನ್ನೂ ಬಂದಿಲ್ಲ. ಅದಕ್ಕೆ ಸಂತೋಷಪಡಲೋ ಬೇಡವೋ ತಿಳಿಯದು. ನಿನ್ನೆಯ ಪೂಜೆಯಲ್ಲಿ ಉಪದೇಶ ಹೇಳದೆಯೇ ಮುಗಿಸಿದೆ.

ಮರಿಯಮ್ಮನವರು ನಿನ್ನನ್ನು ಕಾಯಲಿ. ನೀನು ಮದುವೆಯಾಗಲಿರುವ ಹುಡುಗಿಗೂ ನನ್ನ ಆಶೀರ್ವಾದ ಹೇಳು. ಅವಳ ಹೆಸರನ್ನು ಅಮ್ಮ ಬರೆಸಿಲ್ಲ.

ನಿನ್ನ ಅಣ್ಣ,
ಜುವಾಂವ್

ತಾ.ಕ.: ಟಪಾಲು ಹೊರಡುವ ಹೊತ್ತು. ಮದುವೆಯನ್ನು ಈಸ್ಟರ್ ಕಳೆದ ಮೇಲೆ ಇಡು, ಪೂಜೆ ನಾನೇ ಹೇಳುತ್ತೇನೆ. ಅಮ್ಮನಿಗೆ ನಾನು ಬರೆಯುತ್ತೇನೆ. ನನಗೆ ಒಂದೇ ಒಂದು ತಿಳಿಸು. ಸೆಮಿನರಿಯಲ್ಲಿ ನಿನಗೂ ಹೀಗೆಯೇ ಸದ್ದಡಗಿತ್ತೇ, ಅದಕ್ಕೇ ಹೊರಟೆಯಾ? ಅಥವಾ ಹೊರಗೆ ಬಂದ ಮೇಲೆ ಆ ದೇವರು ನಿನ್ನೊಡನೆ ಏನಾದರೂ ಮಾತಾಡಿದನೇ? ಕಾರ್ಡಿನಲ್ಲಿ ಬೇಡ, ಲಕೋಟೆಯಲ್ಲಿ ಬರೆ. ಬೇಗ ಬರೆ.