ಹನ್ನೊಂದು ಜನ ಅಕ್ಕಂದಿರು

ತುಮಕೂರು, ೧೨-೬-೨೦೦೩

ಅಕ್ಕನಿಗೆ ಜಯಂತಿಯ ನಮಸ್ಕಾರ.

ಹೆತ್ತ ತಾಯಿಯನ್ನೂ ಅಕ್ಕ ಎನ್ನಬೇಕು, ತಾಯಿಯೂ ಇದು ನನ್ನ ಮಗು ಎನ್ನಬಾರದು ಎಂದು ಗುರುಗಳು ಕಟ್ಟಳೆ ಮಾಡಿದ್ದರಲ್ಲ, ಆಶ್ರಮ ಬಿಟ್ಟು ಆರು ವರ್ಷವಾದರೂ ನನ್ನ ಕೈ ಹಾಗೆಯೇ ಬರೆಯುತ್ತದೆ. ಆಶ್ರಮದ ಬಗ್ಗೆ ಪೇಪರಿನವರು ಏನೇ ಬರೆಯಲಿ, ಕುಣಿಗಲ್ಲಿನ ಆ ದಿನಗಳು ನನಗೆ ಈಗಲೂ ಇಷ್ಟ. ಸೀಬೆಮರದಿಂದ ಬಿದ್ದು ನಾನು ‘ಅಕ್ಕಾ’ ಎಂದು ಕೂಗಿದಾಗ ಅಡುಗೆಮನೆಯಿಂದ ಹನ್ನೊಂದು ಜನ ಅಕ್ಕಂದಿರು ಓಡಿಬಂದಿದ್ದರು. ಮುದ್ದೆಕೋಲು ಹಿಡಿದುಕೊಂಡೇ ಬಂದವಳು ನೀನು. “ಎಲ್ಲಿ ನೋವಾಯ್ತು, ತೋರ್ಸೇ” ಎಂದು ಮೈಯೆಲ್ಲ ತಡವಿ, ಆಮೇಲೆ ಎಲ್ಲರಿಗೂ ಕೇಳುವಂತೆ “ಯಾರ ಮಗೂನೋ ಏನೋ, ಬಲೇ ತರಲೆ ಕಣ್ರವ್ವಾ” ಅಂದೆ. ಎಲ್ಲರೂ ನಕ್ಕರು.

ಈಗ ನನಗೆ ಒಂಬತ್ತು ತಿಂಗಳು. ಅತ್ತೆ ತೀರಿಹೋಗಿದ್ದಾರೆ. ಬಾಣಂತನಕ್ಕೆ ಬಾ ಎಂದು ಹೇಳಿಕಳಿಸಿದರೆ, “ನಂಗೆ ಎಲ್ಲ ಮಕ್ಳೂ ಒಂದೇ, ಒಬ್ಳಿಗೇ ಅಂತ ಹೆಂಗ್ ಬರ್ಲಿ” ಅಂದೆಯಂತೆ. ಗುರುಗಳು ಊರು ಬಿಟ್ಟರು, ಆಶ್ರಮದ ಶಾಲೆಗೆ ಬೀಗ ಬಿತ್ತು. ಆ ಕಟ್ಟಳೆಯನ್ನು ಇನ್ನೂ ಪಾಲಿಸುತ್ತಿರುವವಳು ನೀನೊಬ್ಬಳೇ.

ಸೋಮವಾರ ಹೆಬ್ಬೂರು ಮೇಲೆ ಬರುವ ಬೆಳಗಿನ ಬಸ್ಸು ಹತ್ತು. ಹಳೆಯ ಮೆತ್ತನೆ ಸೀರೆ ನಾಲ್ಕು ತಾ, ಮಗುವಿಗೆ ಬೇಕು. ನಮ್ಮ ಮನೆಯವರು ಬಸ್ ಸ್ಟ್ಯಾಂಡಿಗೆ ಬರುತ್ತಾರೆ. ಅವರು ನಿನ್ನನ್ನು ನೋಡಿಲ್ಲ. ನನ್ನದೇ ಮುಖ, ಸ್ವಲ್ಪ ವಯಸ್ಸಾಗಿರುತ್ತದೆ ಎಂದು ಹೇಳಿದ್ದೇನೆ.

ದಾರಿ ನೋಡುತ್ತಿರುವ,
ಜಯಂತಿ