ಪ್ರೂಫ್ ಓಕೆ

ನವೆಂಬರ್ 11, ಮಂಗಳವಾರ

ಬೆಳಿಗ್ಗೆಯಿಂದ ಬರ್ತ್‌ಡೇ ಬ್ಯಾನರ್‌ಗಳೇ. ಯಾರದೋ ದಾದಾ, ಯಾರದೋ ಭಾವೂ, ಎಲ್ಲರಿಗೂ ಕಪ್ಪು ಕನ್ನಡಕ. ಊಟಕ್ಕೆ ಏಳಬೇಕು ಅನ್ನುವಾಗ ಅಂಗಡಿಯ ವಾಟ್ಸಾಪ್‌ಗೆ ಹೊಸ ಆರ್ಡರ್. ಶ್ರೀಶೈಲ ಸರ್ ಇಂಗ್ಲಿಷ್ ಕ್ಲಾಸಸ್, ಸಯನ್. ಭಾನುವಾರ ಫ್ರೀ ಸೆಮಿನಾರ್. ಕಳಿಸಿದವಳು ಶ್ರೇಯಾ — ಅವನ ಈಗಿನ ಹೆಂಡತಿ.

ಅವನ ಮೊದಲನೆಯವಳು, ಅಂದರೆ ನಾನು, ಭಾಂಡುಪ್‌ನ ಈ ಫ್ಲೆಕ್ಸ್ ಅಂಗಡಿಯಲ್ಲೇ ಡಿಸೈನ್ ಮಾಡುತ್ತೇನೆ ಅಂತ ಅವನಿಗೂ ಗೊತ್ತಿಲ್ಲ, ಪಾಪ ಅವಳಿಗೂ ಗೊತ್ತಿಲ್ಲ. ಒಳ್ಳೆಯದೇ ಆಯಿತು. ಊಟ ಸೇರಲಿಲ್ಲ.

ನವೆಂಬರ್ 12, ಬುಧವಾರ

ಸೆಮಿನಾರ್ ವಿಷಯ: ದೇವರಿಂದ ಬಂದ ಪದಗಳು. ಗ್ರೀಕರ, ರೋಮನ್ನರ ದೇವರುಗಳು ಇಂಗ್ಲಿಷಿಗೆ ಕೊಟ್ಟ ಶಬ್ದಗಳು. ಪ್ಯಾನ್ ದೇವರಿಂದ ಪ್ಯಾನಿಕ್. ಧಾನ್ಯದ ದೇವಿ ಸೀರೀಸ್‌ನಿಂದ ಸೀರಿಯಲ್ — ಟಿವಿಯದಲ್ಲ, ತಿನ್ನುವುದು. ಯುದ್ಧದ ದೇವರು ಮಾರ್ಸ್‌ನಿಂದ ಮಾರ್ಷಲ್ — ಕರಾಟೆಯಂಥ ಮಾರ್ಷಲ್ ಆರ್ಟ್ಸ್‌ನದು. ಕೆಳಗೆ ಕೆಂಪಕ್ಷರದಲ್ಲಿ — ಕನ್‌ಫ್ಯೂಸಿಂಗ್ ವರ್ಡ್ಸ್, ಇನ್ನು ತಪ್ಪೇ ಇಲ್ಲ!

ಈ ಪಾಠ ಎಷ್ಟು ಸಲ ಕೇಳಿದ್ದೇನೋ... ತಪ್ಪಿಗೆ ಉದಾಹರಣೆ ಮಾತ್ರ ಯಾವಾಗಲೂ ನಾನು. ಕ್ಲಾಸಿನ ಗ್ಯಾದರಿಂಗ್‌ನಲ್ಲಿ ಸಿಹಿತಿಂಡಿಯ ಟೇಬಲ್ಲಿಗೆ ಬೋರ್ಡ್ ಬರೆದಿದ್ದೆ. ಡೆಸರ್ಟ್‌ಗೆ ಎರಡು ಎಸ್ ಬೇಕು, ಒಂದೇ ಹಾಕಿದೆ. ಸಿಹಿ ಹೋಗಿ ಮರುಭೂಮಿ ಆಯಿತು. ಅವನು ಅಲ್ಲೇ ಮೈಕ್ ಹಿಡಿದು ಎಲ್ಲರಿಗೂ ವಿವರಿಸಿದ. ಹುಡುಗರು ಮರುಭೂಮಿ ಮೇಡಂ ಅಂದರು. ನಾನೂ ನಕ್ಕೆ. ಆಮೇಲೆ ಮಕ್ಕಳಾಗುವುದಿಲ್ಲ ಅಂತ ಡಾಕ್ಟರ್ ಹೇಳಿದ ದಿನ ಅವನ ಅವ್ವನ ಮುಂದೆ ಅದೇ ಹೆಸರು ಹಿಡಿದು ಕರೆದ. ಅವತ್ತು ನಗಲಿಲ್ಲ.

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ನನ್ನದು ಅದಕ್ಕಿಂತ ಗಟ್ಟಿ. ಅವನು ಒಮ್ಮೆ ತುಂಬಿದ ಸಭೆಯಲ್ಲಿ ತಲೆ ತಗ್ಗಿಸಬೇಕು, ಅಷ್ಟೇ. ಮಾರ್ಷಲ್‌ನಲ್ಲಿ ಟಿ ಮೊದಲು, ಐ ಆಮೇಲೆ. ಅದಲುಬದಲು ಮಾಡಿದೆ. ಮ್ಯಾರಿಟಲ್ ಆಯಿತು — ಮದುವೆಗೆ ಸಂಬಂಧಪಟ್ಟಿದ್ದು. ಯುದ್ಧದ ದೇವರಿಂದ ಬಂದದ್ದು ಮದುವೆ. ತಪ್ಪಿರಬಹುದು, ಸುಳ್ಳಂತೂ ಅಲ್ಲ.

ಪ್ರೂಫ್ ಕಳಿಸಿದೆ. ತಪ್ಪು ಕಣ್ಣಿಗೆ ಬಿದ್ದುಬಿಟ್ಟರೆ ಅಂತ ಮತ್ತೆ ಮತ್ತೆ ಫೋನ್ ನೋಡುತ್ತಿದ್ದೇನೆ.

ನವೆಂಬರ್ 13

ಓಕೆ ಬಂತು! ಅವಳಿಂದಲೇ. ಒಂದು ಹೆಬ್ಬೆರಳೂ ಜೊತೆಗೆ.

ಓಕೆ ಬಾರದೆ ನಮ್ಮ ಮಾಲೀಕರು ಗುರಲಿಂಗಪ್ಪ ಕಾಕಾ ಮಷಿನ್ ಮುಟ್ಟಗೊಡುವುದಿಲ್ಲ. ಬಂದ ಮೇಲೆ ಅವರದು ಒಂದೇ ಮಾತು: “ಇನ್ನ ತಪ್ಪೂ ಗಿರಾಕೀದ, ಒಪ್ಪೂ ಗಿರಾಕೀದ.” ಪ್ರಿಂಟ್ ಕೊಟ್ಟೆ. ಹತ್ತಡಿ ಅಗಲ. ಒಂದೊಂದು ಅಕ್ಷರವೂ ಅಂಗೈಗಿಂತ ದೊಡ್ಡದು.

ನವೆಂಬರ್ 16, ಭಾನುವಾರ

ಸೆಮಿನಾರ್‌ಗೆ ಹೋಗಿದ್ದೆ. ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಕೊನೆಯ ಸಾಲಿನಲ್ಲಿ ಕುಳಿತೆ. ಹಾಲ್ ತುಂಬಿತ್ತು.

ಪಾಠ ಅರ್ಧ ಆಗಿತ್ತು. ಮುಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದರು. ಮದುವೆಯೂ ಯುದ್ಧದ ದೇವರದೇ ಅಂತ ತಮಗೆ ನಲವತ್ತು ವರ್ಷದಿಂದ ಅನುಮಾನ ಇತ್ತಂತೆ, ಇವತ್ತು ಸರ್ ಖಾತ್ರಿ ಮಾಡಿದರಂತೆ. ಇಡೀ ಹಾಲ್ ಹೋ ಅಂತ ನಕ್ಕಿತು. ಮೊಬೈಲ್‌ಗಳು ಮೇಲೆದ್ದವು. ಅವನು ತಿರುಗಿ ಬ್ಯಾನರ್ ನೋಡಿದ. ಆ ಮುಖ! ಹೊಟ್ಟೆ ತಣ್ಣಗಾಯಿತು. ದೇವರಾಣೆ, ಇಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಆಮೇಲೆ ಅವನು ಶ್ರೇಯಾಳನ್ನು ಸ್ಟೇಜಿಗೆ ಕರೆದ. ಪ್ರೂಫ್ ನೋಡಿದ ಜಾಣೆ ಇವಳೇ ಅಂದ. ಎರಡೂ ಪದದ ಸ್ಪೆಲ್ಲಿಂಗ್ ಮೈಕಿನಲ್ಲಿ ಹೇಳಿಸಿದ, ಸಣ್ಣ ಮಗುವಿಗೆ ಹೇಳಿಸುವ ಹಾಗೆ. ಜನ ಈಗ ಅವಳನ್ನು ನೋಡಿ ನಗುತ್ತಿದ್ದರು. ಅವನು ಪಾರಾದ.

ಎದ್ದು ಬಂದೆ. ಲೋಕಲ್ ಟ್ರೈನಿನಲ್ಲಿ ಕೂರಲು ಸೀಟ್ ಸಿಕ್ಕಿತು, ಕೂರಲಾಗಲಿಲ್ಲ. ಹೊಡೆದದ್ದು ಯಾರಿಗೆ, ಬಿದ್ದದ್ದು ಯಾರಿಗೆ.

ನವೆಂಬರ್ 24, ಸೋಮವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ.

ಇವತ್ತು ಶ್ರೇಯಾ ಅಂಗಡಿಗೇ ಬಂದಳು. ಕಾಕಾ ಚಹಾಕ್ಕೆ ಹೋಗಿದ್ದರು. ಜಗಳಕ್ಕೆ ಬಂದಿದ್ದಾಳೆ ಅಂದುಕೊಂಡು ಸೆರಗು ಸಿಕ್ಕಿಸಿ ನಿಂತೆ. ಅವಳು ಸ್ಟೂಲ್ ಎಳೆದು ಕುಳಿತಳು. ಪರೇಲ್‌ನಲ್ಲಿ ಬೆಳೆದವಳು, ಅವಳ ಕನ್ನಡ ಅಷ್ಟಕ್ಕಷ್ಟೇ.

“ಸಯನ್‌ದಾಗ ಫ್ಲೆಕ್ಸ್ ದುಕಾನ್ ಇಲ್ಲೇನು ಅಕ್ಕಾ? ಭಾಂಡುಪ್ ತನಕ ನಾ ಆರ್ಡರ್ ಯಾಕ ಕಳಿಸಿದೆ? ನೀವು ಇಲ್ಲಿ ಅದೀರಿ ಅಂತ ಮಾಲೂಮ್ ಇತ್ತು. ನೀವು ಕುಛ್ ತೋ, ಏನರೆ ಮಾಡ್ತೀರಿ ಅಂತಾನೂ ಗೊತ್ತಿತ್ತು. ಆ ಸ್ಪೆಲ್ಲಿಂಗ್ ನೋಡೇ ಓಕೆ ಹಾಕಿದೆ.”

ಸ್ಟೇಜಿಗೆ ಕರೆಯುತ್ತಾನೆ ಅಂತಲೂ ಅವಳಿಗೆ ಗೊತ್ತಿತ್ತಂತೆ. ಮನೆಯಲ್ಲಿ ದಿನವೂ ಅದೇ ಪಾಠ. ಒಂದು ದಿನವಾದರೂ ಜನ ಅವನನ್ನು ನೋಡಿ ನಗಲಿ ಅಂತ. ನಕ್ಕರು, ಆದರೆ ಸಾಲಲಿಲ್ಲ ಅಂದಳು. ನನಗೂ ಸಾಲಲಿಲ್ಲ ಅಂದೆ. ಇಬ್ಬರೂ ಒಂದೇ ವಡಾಪಾವ್ ಹಂಚಿಕೊಂಡು ತಿಂದೆವು.

ಬರುವ ಭಾನುವಾರ ಕನ್ನಡ ಸಂಘದ ಅಧ್ಯಕ್ಷ ನೀಲಕಂಠಪ್ಪನವರಿಗೆ ಅವನು ಸನ್ಮಾನ ಇಟ್ಟಿದ್ದಾನೆ. ಕ್ಲಾಸಿಗೆ ಸಂಘದ ಹಾಲ್ ಪುಕ್ಕಟೆ ಬೇಕು, ಅದಕ್ಕೆ. ಓಕೆ ಕೊಟ್ಟದ್ದು ತಾನು, ಅಂಗಡಿಯದೇನು ತಪ್ಪು ಅಂತ ಗಂಡನಿಗೆ ಹೇಳಿ ಆ ಬ್ಯಾನರನ್ನೂ ಇಲ್ಲಿಗೇ ತಿರುಗಿಸಿದ್ದಾಳೆ. ಆದರೆ ಈ ಸಲ ಬ್ಯಾನರಿನ ಬರಹ, ಅಂದರೆ ಮ್ಯಾಟರೂ ಅವನದೇ, ಓಕೆಯೂ ಅವನದೇ. ಯಾರನ್ನೂ ನಂಬುವುದಿಲ್ಲವಂತೆ.

ಹಾಗಾದರೆ ಮುಗಿಯಿತು ಅಂದುಕೊಂಡೆ.

ನವೆಂಬರ್ 26, ಸಂಜೆ 5

ಮ್ಯಾಟರ್ ಬಂತು. ಎರಡು ಸಲ ಓದಿದೆ. ಡಿಕ್ಷನರಿ ತೆಗೆದು ನೋಡಿದೆ. ಪೂಜ್ಯ ಅಧ್ಯಕ್ಷರಿಗೆ ಅನ್ನಲು ಹೋಗಿದ್ದಾನೆ. ಅದಕ್ಕೆ ವೆನರಬಲ್ ಬೇಕು. ಮಹಾಶಯ ಬರೆದದ್ದು ವೆನೀರಿಯಲ್! ಗುಪ್ತರೋಗದ ಡಾಕ್ಟರ ಬೋರ್ಡಿನ ಮೇಲೆ ಇರುವ ಪದ. ಎರಡಕ್ಕೂ ಮೂಲ ಪ್ರೇಮದ ದೇವಿ ವೀನಸ್ ಅಂತೆ. ತಾಯಿ ಒಬ್ಬಳೇ, ಮಕ್ಕಳ ದಾರಿ ಬೇರೆ ಬೇರೆ.

ಶ್ರೇಯಾಗೆ ಫೋನ್ ಮಾಡಿ ಓದಿದೆ. “ನಾ ಏನೂ ಕೇಳಿಲ್ಲ ಅಕ್ಕಾ,” ಅಂದಳು.

ನೀಲಕಂಠಪ್ಪನವರು ಪಾಪದ ಹಿರಿಯರು. ಒಂದು ಕ್ಷಣ ಕೈ ತಡೆಯಿತು. ಆದರೆ ಅವನಿಗೆ ಹಾಲ್ ಕೊಡದೆ ಅಟ್ಟಬೇಕಾದವರು ಅವರೇ ತಾನೆ. ಒಂದಕ್ಷರವನ್ನೂ ಮುಟ್ಟಲಿಲ್ಲ. ಸುತ್ತ ಚೆಂದದ ಬಂಗಾರದ ಬಾರ್ಡರ್ ಹಾಕಿದೆ.

ಪ್ರೂಫ್ ಹೋಯಿತು. ನೀಲಿ ಟಿಕ್ ಬಿತ್ತು. ಓದು ಮಹರಾಯ, ನಿಧಾನವಾಗಿ ಓದು. ಇವತ್ತು ಹೆಂಡತಿ ಅಡ್ಡ ಇಲ್ಲ. ಟೈಪ್ ಮಾಡುತ್ತಿದ್ದಾನೆ... ನಿಂತಿತು... ಮತ್ತೆ ಮಾಡುತ್ತಿದ್ದಾನೆ...

ಬಂತು. ಓಕೆ!