ಬಣ್ಣಕ್ಕೆ ಬಿಟ್ಟ ಸಂದು

ಮನೆಯಿಂದ,
ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಸೊಂಟನೋವು ಹೇಗಿದೆ? ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುತ್ತೀಯಂತೆ, ಸ್ಟೂಲು ಹಾಕಿಕೊಟ್ಟರೂ ಕೂರುವುದಿಲ್ಲವಂತೆ. ಭಾವ ಫೋನಿನಲ್ಲಿ ದೂರು ಹೇಳಿದರು. ಅವರ ಮಾತನ್ನು ವರ್ಷಕ್ಕೊಮ್ಮೆಯಾದರೂ ಕೇಳು. ಪುಟ್ಟಿಯ ಮುಂದಿನ ಹಲ್ಲು ಬಿತ್ತಾ? ಬಿದ್ದರೆ ಎಸೆಯುವ ಮುಂಚೆ ಅಳತೆ ತೆಗೆದಿಡಲು ಹೇಳು, ನಮ್ಮ ಮನೆಯವಳಲ್ಲವೇ. ಇಲ್ಲಿ ಅಪ್ಪನ ಕೆಮ್ಮು ಕಡಿಮೆಯಾಗಿದೆ, ಗೊಣಗಾಟ ಕಡಿಮೆಯಾಗಿಲ್ಲ. ನೀನು ನಕ್ಷೆ ಬರೆಯುತ್ತಿದ್ದ ಮೇಜಿನ ಮೇಲೆ ಈಗ ಅವರ ಔಷಧಿ ಬಾಟಲಿಗಳಿವೆ. ಅದನ್ನು ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಯಾಕೆಂದು ಹೇಳುವುದಕ್ಕೇ ಈ ಪತ್ರ. ಫೋನಿನಲ್ಲಾದರೆ ನೀನು ಮಧ್ಯೆ ಏನಾದರೂ ಅಂದು ನಗಿಸಿಬಿಡುತ್ತೀಯ, ನಾನು ಅದೇ ನೆಪದಲ್ಲಿ ನುಣುಚಿಕೊಳ್ಳುತ್ತೇನೆ.

ಕಾರ್ಖಾನೆಯಲ್ಲಿ ನನ್ನ ಹೊಸ ಕೀಲು ಪಾಸಾಯಿತು. ಜನ ಮನೆಯಲ್ಲಿ ಜೋಡಿಸಿಕೊಳ್ಳುವ ನಮ್ಮ ಆಟಿಕೆ ಕ್ರೇನಿನ ತೋಳು ಬುಡದಲ್ಲಿ ಸುತ್ತಲೂ ತಿರುಗುತ್ತದಲ್ಲ, ಅಲ್ಲಿ ಒಳಗೊಂದು ಸಣ್ಣ ಸ್ಕ್ರೂ ಇಟ್ಟಿದ್ದೇನೆ. ಕಿಟ್ ಕೊಂಡವರು ಬಿಡಿಭಾಗ ಜೋಡಿಸಿ, ಬಣ್ಣ ಬಳಿದು ಒಣಗಿಸಿದ ಮೇಲೆ, ಕೀಲು ಬಿಗಿಯೆನಿಸಿದರೆ ಅರ್ಧ ಸುತ್ತು ಸಡಿಲಿಸಬಹುದು, ತೋಳು ಜೋತುಬಿದ್ದರೆ ಬಿಗಿ ಮಾಡಬಹುದು. ಹನ್ನೊಂದು ಮಾದರಿ ಮುರಿದ ಮೇಲೆ ಹನ್ನೆರಡನೆಯದು ಮಾತು ಕೇಳಿತು. ಶುಕ್ರವಾರ ಯಜಮಾನರು ಅದನ್ನು ಅಂಗೈ ಮೇಲಿಟ್ಟುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಎಲ್ಲರ ಮುಂದೆ, "ನಿಮ್ಮಕ್ಕ ಮಾಡಿದ ಎಡವಟ್ಟನ್ನ ನೀನು ತೊಳೆದುಬಿಟ್ಟೆ ಕಣಯ್ಯಾ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಲ್ಲು ಕಿರಿದುಕೊಂಡು ನಿಂತೆ. ಅವರು ತರಿಸಿಕೊಟ್ಟ ಟೀಯನ್ನು ಕುಡಿದೆ. ಪೂರ್ತಿ ಕುಡಿದೆ ಅಕ್ಕಾ. ಅಂದಿನಿಂದ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಆಗುತ್ತಿಲ್ಲ.

ಮೂರು ವರ್ಷದ ಹಿಂದಿನ ಆ ಮಣ್ಣು ಅಗೆಯುವ ಯಂತ್ರದ ಕಿಟ್ಟನ್ನು ನೀನು ಮರೆತಿರಲಾರೆ. ತೋಳಿನ ಕೀಲಿನಲ್ಲಿ ಪಿನ್ನಿಗೂ ತೂತಿಗೂ ನಡುವೆ 0.25 ಮಿಲಿಮೀಟರ್ ಸಂದು ಬಿಡಬೇಕೆಂದು ನೀನು ನಕ್ಷೆಯಲ್ಲಿ ಬರೆದಿದ್ದೆ. ಕೊಂಡವರು ಎರಡು ಮೂರು ಸಲ ಬಣ್ಣ ಬಳಿಯುತ್ತಾರೆ, ಆ ಬಣ್ಣದ ದಪ್ಪಕ್ಕೂ ಜಾಗ ಬೇಕು. ಆದರೆ ನಮ್ಮ ಕೈಯಲ್ಲಿದ್ದದ್ದು ಬಣ್ಣ ಕಾಣದ ಬೋಳು ಮಾದರಿ. ಅದರ ತೋಳನ್ನು ಎತ್ತಿ ನಿಲ್ಲಿಸಿದರೆ ನಿಧಾನಕ್ಕೆ ತೂಕಡಿಸುತ್ತಿತ್ತು. ಆಗ ನೀವೆಲ್ಲ ಈ ಮನೆಯಲ್ಲೇ ಇದ್ದಿರಲ್ಲ, ನೀನು ಜ್ವರವೆಂದು ಒಳಗೆ ಮಲಗಿದ್ದೆ, ನಕ್ಷೆ ನಿನ್ನ ಮೇಜಿನ ಮೇಲಿತ್ತು. ನಾನು ಮಾದರಿಗೆ ಸ್ವಲ್ಪ ದಪ್ಪದ ಪಿನ್ನು ಹಾಕಿ, ನಕ್ಷೆಯಲ್ಲಿ 0.25 ಅಳಿಸಿ 0.10 ಎಂದು ಬರೆದೆ. ನೀನು ಎಲ್ಲೋ ಲೆಕ್ಕ ತಪ್ಪಿದ್ದೀಯ, ಯಜಮಾನರ ಮುಂದೆ ನಿನ್ನ ಮಾನ ಹೋಗಬಾರದು ಅಂದುಕೊಂಡೆ. ಬಣ್ಣದ ವಿಚಾರ ಆಗ ನನ್ನ ತಲೆಗೇ ಬಂದಿರಲಿಲ್ಲ. ನಿನಗೆ ತಿಳಿಸಲಿಲ್ಲ. ಆ ನಕ್ಷೆ ಹಾಗೇ ಅಚ್ಚು ಮಾಡುವವರ ಕೈಗೆ ಹೋಯಿತು.

ಮುಂದಿನದು ನಿನಗೆ ಗೊತ್ತು. ಬಣ್ಣ ಬಳಿದವರ ಕೀಲು ಕಚ್ಚಿಕೊಂಡಿತು, ತಿರುಗಿಸಲು ಹೋದವರ ಕೈಗೆ ತೋಳೇ ಕಿತ್ತುಬಂತು. ವಾಪಸು ಬಂದ ಪೆಟ್ಟಿಗೆಗಳನ್ನು ಮೆಟ್ಟಿಲ ಮೇಲೂ ಪೇರಿಸಬೇಕಾಯಿತು. ಯಜಮಾನರು ನಕ್ಷೆ ತರಿಸಿ ಮುಂದಿಟ್ಟಾಗ ನೀನು ಆ ಅಂಕಿಯನ್ನು ಬಹಳ ಹೊತ್ತು ನೋಡಿದೆ. ನನಗೆ ನಕ್ಷೆ ಬರೆಯಲು ಕಲಿಸಿದವಳು ನೀನು. ನನ್ನ ಸೊನ್ನೆಯೂ ನಿನ್ನದೇ, ನನ್ನ ಒಂದೂ ನಿನ್ನದೇ. ಅದು ನಿನ್ನ ಬರಹವಲ್ಲ ಎಂದು ನಿನಗೇ ತಿಳಿಯಲಿಲ್ಲ. "ಅಂದುಕೊಂಡದ್ದು ಒಂದು, ಬರೆದದ್ದು ಇನ್ನೊಂದು. ಕೈ ಕೊಟ್ಟಿತು" ಅಂದೆ ನೀನು. ನಾನು ಪಕ್ಕದಲ್ಲೇ ನಿಂತಿದ್ದೆ, ತುಟಿ ಪಿಟಕ್ಕೆನ್ನಲಿಲ್ಲ. ಮರುವಾರ ನೀನು ಕೆಲಸ ಬಿಟ್ಟೆ. ಅದಕ್ಕಿಂತ ನೀನು ಪೆನ್ಸಿಲನ್ನೇ ಮುಟ್ಟದಿರುವುದು ನನ್ನನ್ನು ಹೆಚ್ಚು ತಿನ್ನುತ್ತಿದೆ. ಒಂದು ಮನೆಯ ಚಿತ್ರ ಬರೆದುಕೊಡು ಎಂದು ಪುಟ್ಟಿ ಕೇಳಿದರೂ "ನನ್ನ ಕೈ ನಂಬಬೇಡ" ಅನ್ನುತ್ತೀಯಂತೆ. ನಿನ್ನ ಕೈ ತಪ್ಪಿಲ್ಲ ಅಕ್ಕಾ. ಅವತ್ತೂ ತಪ್ಪಿರಲಿಲ್ಲ.

ನಾಳೆ ಕಾರ್ಖಾನೆ ತೆರೆಯುತ್ತಿದ್ದ ಹಾಗೆ ಯಜಮಾನರಿಗೆ ಹೇಳುತ್ತೇನೆ. ಅವರ ಕೋಣೆಯಲ್ಲಿ ಗುಟ್ಟಾಗಿ ಹೇಳಿದರೆ ಸಾಲದು, ಚಪ್ಪಾಳೆ ತಟ್ಟಿದವರೆಲ್ಲ ಇರಬೇಕು. ಕೆಲಸ ಹೋದರೆ ಹೋಗಲಿ. ಅಪ್ಪನಿಗೆ ಇವತ್ತು ಊಟವಾದ ಮೇಲೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು, ಇನ್ನೂ ಬಂದಿಲ್ಲ.

ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ಭಾವನಿಗೆ ನಮಸ್ಕಾರ ಹೇಳು, ಪತ್ರವನ್ನು ಅವರಿಗೂ ತೋರಿಸು. ಪುಟ್ಟಿಗೆ ಎರಡು ಮುತ್ತು. ಅವಳ ಮಾವ ಎಂಥವನೆಂದು ಸ್ವಲ್ಪ ದೊಡ್ಡವಳಾದ ಮೇಲೆ ಹೇಳಿದರೆ ಸಾಕು.

ನಿನ್ನ ತಮ್ಮ,
ಗಡಿಬಿಡಿ

ಮರೆತ ಮಾತು: ಮರೆತದ್ದೇನಲ್ಲ, ಬೇಕೆಂದೇ ಬಿಟ್ಟದ್ದು. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಬಣ್ಣದ ವಿಚಾರ ತಲೆಗೇ ಬಂದಿರಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ನಿನ್ನ ಮಾನ ಉಳಿಸಲು ಎಂಬುದೂ ಸುಳ್ಳು. ಮಾರನೆಯ ದಿನ ಯಜಮಾನರು ಮಾದರಿ ನೋಡುವವರಿದ್ದರು. ತೋಳು ನೆಟ್ಟಗೆ ನಿಂತರೆ ನನ್ನ ಬೆನ್ನು ತಟ್ಟುತ್ತಾರೆ, ಆಮೇಲೆ ಅಂಕಿ ತಿದ್ದಿದರಾಯಿತು ಅಂದುಕೊಂಡೆ. ತಟ್ಟಿದರು. ತಟ್ಟಿಸಿಕೊಂಡ ಮೇಲೆ ತಿದ್ದಲು ಮನಸ್ಸಾಗಲಿಲ್ಲ. ಅವತ್ತು ನೀನು ಹಾಸಿಗೆಯಿಂದಲೇ ಕೂಗಿ ಹೇಳಿದ್ದೆ: "ಸಂದು ಮುಟ್ಟಬೇಡ ಕಣೋ, ಅದು ಬಣ್ಣಕ್ಕೆ." ನಾನು ಓಗೊಡದೆ ಇದ್ದದ್ದಕ್ಕೆ ಮನೆಯಲ್ಲಿಲ್ಲ ಅಂದುಕೊಂಡೆ ನೀನು. ನಾನು ಬಾಗಿಲ ಈಚೆಯೇ ಇದ್ದೆ ಅಕ್ಕಾ, ಉಸಿರು ಬಿಗಿಹಿಡಿದು, ರಬ್ಬರು ಕೈಯಲ್ಲಿ ಹಿಡಿದು.